ಎರಡು ದಿನ, ಆರು ಅರಮನೆ!

ಫ್ರಾನ್ಸಿಗೆ ಹೊರಟಿರುವ ಮಿತ್ರರೊಬ್ಬರು ತಮ್ಮ ಪ್ರವಾಸದ ಪಟ್ಟಿಯನ್ನು ತೋರಿಸಿದರು. ಲ್ವಾರ್ ಕಣಿವೆಯಲ್ಲಿ ಎರಡು ದಿನ, ಆರು ಅರಮನೆ! ಇದು ನೋಡುವುದಲ್ಲ, ಹಾಜರಿ ಹಾಕುವುದು ಎಂದೆ. ಅವರಿಗೆ ಸಿಟ್ಟು ಬಂತು. “ಶಾಂಬೋರನ್ನು ಬಿಡುವುದುಂಟೇ ಸ್ವಾಮಿ? 400ಕ್ಕೂ ಮಿಕ್ಕಿ ಕೋಣೆಗಳು!”

ಕೋಣೆಗಳನ್ನೆಣಿಸಿ ಮನೆಯ ಯೋಗ್ಯತೆಯನ್ನು ಅಳೆಯುವುದಾದರೆ ಛತ್ರಕ್ಕೆ ಮಿಗಿಲಾದ ಮನೆಯಿಲ್ಲ. 1519ರಲ್ಲಿ ಅದನ್ನು ಕಟ್ಟಿಸತೊಡಗಿದ ಒಂದನೆಯ ಫ್ರಾನ್ಸ್ವಾ ದೊರೆ ತನ್ನ ಆಳ್ವಿಕೆಯಲ್ಲೆಲ್ಲ ಅಲ್ಲಿ ತಂಗಿದ್ದು ಕೆಲವೇ ವಾರ. ಅದರ ಜೋಡಿ ಸುರುಳಿಮೆಟ್ಟಿಲು ಸೊಗಸೆಂಬುದನ್ನು ನಾನು ಅಲ್ಲಗಳೆಯೆ. ಆದರೆ ಅಲ್ಲಿ ಬಾಳಿದವರು ಯಾರು?

ನನ್ನ ಮತ ಶೆನೊನ್ಸೋವಿಗೆ. ಶೇರ್ ನದಿಯ ಮೇಲೆ ಸೇತುವೆಯಂತೆ ಚಾಚಿದ ಅದರ 60 ಮೀಟರ್ ಉದ್ದದ ಮೊಗಸಾಲೆಯಲ್ಲಿ ಮೊದಲ ಮಹಾಯುದ್ಧದ ಗಾಯಾಳುಗಳು ಮಲಗಿದ್ದರು. 1940ರಲ್ಲಿ ಆ ನದಿಯೇ ಗಡಿಯಾಯಿತು. ಈಚೆ ಬಾಗಿಲಲ್ಲಿ ಜರ್ಮನರ ಪಡೆ. ಆಚೆ ಬಾಗಿಲು ತೆರೆದರೆ ಆ ಪಡೆಯಿಲ್ಲದ ನೆಲ. 1942ರ ನವೆಂಬರಿನಲ್ಲಿ ಆ ನೆಲವೂ ಜರ್ಮನರ ವಶವಾಗುವ ತನಕ, ಅಲ್ಲಿಂದ ನುಸುಳಿ ಪಾರಾದವರುಂಟು.

ಮರುದಿನಕ್ಕೆ ಶಿನೋನ್. ಅಲ್ಲಿನ ಸಭಾಶಾಲೆ ಇಂದು ಪಾಳುಗೋಡೆ, ನಿಜ. ಆದರೆ 1429ರಲ್ಲಿ ಹಳ್ಳಿಯ ಹುಡುಗಿ ಜೋನ್, ಇನ್ನೂ ಪಟ್ಟಾಭಿಷೇಕವಾಗದ ಚಾರ್ಲ್ಸನನ್ನು ಕಂಡು ಮಾತಾಡಿದ್ದು ಆ ಕೋಟೆಯಲ್ಲಿ.

ದಿನಕ್ಕೊಂದು ಸಾಕು. ನೋಡದೆ ಬಿಟ್ಟದ್ದಕ್ಕೆ ನಾಚಬೇಕಿಲ್ಲ. ಆರನ್ನೂ ನೋಡಿ ಒಂದನ್ನೂ ಕಾಣದೆ ಮರಳಿದರೆ ನಾಚಬೇಕು.