ಟವರ್ ಸಿಗವಲ್ದು ಅಂದ್ರೆ ಯಾರನ್ನ ಕೇಳೋದು?

ನಮ್ಮ ಧಾರವಾಡ ಕಡೆ "ನೆಟ್‌ವರ್ಕ್ ಇಲ್ಲ" ಅನ್ನೋರು ಕಡಿಮೆ. "ಟವರ್ ಸಿಗವಲ್ದು" ಅಂತಾರೆ. ಆದರೆ ಬಹಳ ಸಲ ಟವರ್ ಇರುತ್ತದೆ, ದೂರದಲ್ಲಿ ಅದರ ಕೆಂಪು ದೀಪವೂ ಕಾಣಿಸುತ್ತದೆ. ಕಡಿಮೆ ಬಿದ್ದಿರೋದು ಆ ಟವರಿನ ಮೇಲೆ ಕೂತ ತರಂಗ. ಅಲ್ಲಿ ಯಾವ ತರಂಗ ಕೂರಬೇಕು ಅನ್ನೋದು ತೀರ್ಮಾನ ಆಗೋದು ನಮ್ಮ ಊರಲ್ಲಿ ಅಲ್ಲ. ಅದು ದಿಲ್ಲಿಯ ಹರಾಜಿನಲ್ಲಿ ಆಗುತ್ತದೆ.

ಕೆಲಗೇರಿಯಲ್ಲಿ ನಿಂತರೆ ಇದು ಚೆನ್ನಾಗಿ ತಿಳಿಯುತ್ತದೆ. ಇದು ಧಾರವಾಡದ ಪಶ್ಚಿಮದ ಅಂಚು. ಬೆನ್ನಿಗೆ ಪೇಟೆ, ಮುಂದೆ ಮಲೆನಾಡಿನ ಸೆರಗು. ಕೆರೆ ದಾಟಿ ಗೋವಾ ರಸ್ತೆ ಹಿಡಿದರೆ ಅಳ್ನಾವರ, ಆಮೇಲೆ ರಾಮನಗರ, ಆಮೇಲೆ ಅನಮೋಡ ಘಾಟು. ಈ ದಾರಿಯಲ್ಲಿ ಹೋದವರು ಫೋನಿನ ಮೇಲ್ಮೂಲೆ ನೋಡಿರುತ್ತೀರಿ: 5ಜಿ ಹೋಗಿ 4ಜಿ, ಒಂದೊಂದೇ ಕಡ್ಡಿ ಇಳಿದು, ಕಾಡು ದಟ್ಟವಾದ ಕಡೆ "ತುರ್ತು ಕರೆ ಮಾತ್ರ". ವಾರಾಂತ್ಯದ ಟ್ರಿಪ್ ಹೊರಟವರಿಗೆ ಅದು ಅರ್ಧ ಗಂಟೆಯ ಮಾತು. ಅಲ್ಲೇ ಮನೆ ಇರೋರಿಗೆ ಅದು ದಿನಾ ಇರೋ ತಾಪತ್ರಯ.

ಈಗ ಇದು ಬರೀ ಮಾತಿನ ವಿಷಯ ಅಲ್ಲ

ಹತ್ತು ವರ್ಷದ ಹಿಂದೆ ಸಿಗ್ನಲ್ ಇಲ್ಲ ಅಂದರೆ ಮಾತು ತಪ್ಪುತ್ತಿತ್ತು, ಅಷ್ಟೇ. ಈಗ ಕೂಲಿ ತಪ್ಪಬಹುದು. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೆಲಸದ ಹಾಜರಾತಿಯನ್ನು ಆ್ಯಪ್‌ನಲ್ಲೇ ಹಾಕಬೇಕು, ದಿನಕ್ಕೆ ಎರಡು ಸಲ ಫೋಟೊ ತೆಗೆಯಬೇಕು ಅಂತ ಕಡ್ಡಾಯ ಮಾಡಿದರು. ಫೋಟೊ ತೆಗೆದರೆ ಸಾಲದು, ಅದು ಮೇಲೆ ಹೋಗಿ ಮುಟ್ಟಬೇಕು. ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದ ಮೇಲೂ ಯಂತ್ರಕ್ಕೆ ನೆಟ್ ಸಿಕ್ಕರೆ ಮಾತ್ರ ಅಕ್ಕಿ. ಬ್ಯಾಂಕಿನ ಒಟಿಪಿ, 108ಕ್ಕೆ ಮಾಡೋ ಕರೆ, ಎಲ್ಲವೂ ಅದೇ ಕಡ್ಡಿಗಳ ಮೇಲೆ ನಿಂತಿದೆ.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯಿಂದ ಬಂದ ಒಂದು ಚಿತ್ರ ನೀವೂ ನೋಡಿರಬಹುದು. ಜಿಟಿಜಿಟಿ ಮಳೆ, ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿರೋ ಹುಡುಗಿ, ಅವಳ ಮೇಲೆ ಛತ್ರಿ ಹಿಡಿದು ನಿಂತ ಅಪ್ಪ. ಎಲ್ಲರೂ ಆ ಅಪ್ಪನ ಪ್ರೀತಿ ಬಗ್ಗೆ ಬರೆದರು. ಮನೆಯೊಳಗೆ ಸಿಗ್ನಲ್ ಯಾಕೆ ಬರಲಿಲ್ಲ ಅಂತ ಕೇಳಿದವರು ಕಡಿಮೆ.

ಡೊಳ್ಳು ಮತ್ತು ತಾಳ

ಜಾತ್ರೆಯಲ್ಲಿ ಡೊಳ್ಳು ಬಾರಿಸಿದರೆ ಪಕ್ಕದ ಊರಿಗೂ ಕೇಳುತ್ತದೆ. ತಾಳದ ಸದ್ದು ಕೇಳಬೇಕು ಅಂದರೆ ಗುಡಿ ಮುಂದೆಯೇ ನಿಲ್ಲಬೇಕು. ಮೊಬೈಲ್ ತರಂಗಗಳೂ ಹೆಚ್ಚುಕಡಿಮೆ ಹಾಗೆಯೇ. 700, 850, 900 ಮೆಗಾಹರ್ಟ್ಸ್ ಡೊಳ್ಳಿನ ಜಾತಿ. ದೂರ ಹೋಗುತ್ತವೆ, ಗೋಡೆ ದಾಟುತ್ತವೆ, ಗಿಡಮರಗಳ ಮಧ್ಯೆ ನುಸುಳುತ್ತವೆ. 1800, 2100, 2300 ನಡುವಿನವು. 5ಜಿಗೆ ಹೆಚ್ಚಾಗಿ ಬಳಸುವ 3300ರ ಬ್ಯಾಂಡ್ ತಾಳದ ಜಾತಿ.

ಲೆಕ್ಕ ಬೇಕಾ? 700ರಿಂದ 3500ಕ್ಕೆ ಹೋದರೆ ಆವರ್ತನ ಐದು ಪಟ್ಟು. ಒಂದೇ ದೂರ, ಒಂದೇ ಬಗೆಯ ಆಂಟೆನಾ ಅಂತ ಇಟ್ಟುಕೊಂಡರೆ ಬಯಲಿನಲ್ಲೂ ಮುಟ್ಟುವ ಶಕ್ತಿ 25ರಲ್ಲಿ ಒಂದು ಪಾಲು. ಅದರ ಮೇಲೆ ತೇಗದ ಕಾಡು, ಮಳೆಗಾಲದ ಒದ್ದೆ ಎಲೆ, ದಪ್ಪ ಮಣ್ಣಿನ ಗೋಡೆ ಬಂದರೆ ಇನ್ನೂ ಕಡಿಮೆ.

ಹಂಗಾದ್ರೆ ಎಲ್ಲರೂ 700 ಬಳಸಬಹುದಲ್ಲ? ಅಲ್ಲೇ ಇರೋದು ತೊಡಕು. ಕೆಳಗಿನ ಬ್ಯಾಂಡುಗಳಲ್ಲಿ ಜಾಗ ಕಡಿಮೆ. ಅಲ್ಲಿ ಒಂದು ಕಂಪನಿಗೆ 5 ಅಥವಾ 10 ಮೆಗಾಹರ್ಟ್ಸ್ ಸಿಕ್ಕರೆ ದೊಡ್ಡದು. 3300ರಲ್ಲಿ ದೊಡ್ಡ ಕಂಪನಿಗಳ ಹತ್ತಿರ ಸುಮಾರು 100 ಇದೆ. ಒಂದು, ದೂರದ ಊರಿಗೆ ಹೋಗುವ ಗಾಡಿದಾರಿ. ಇನ್ನೊಂದು, ಊರೊಳಗಿನ ನಾಲ್ಕು ಪಥದ ರಸ್ತೆ. ಬೆಂಗಳೂರಿನ ಕೋರಮಂಗಲಕ್ಕೆ ಎರಡನೆಯದು ಬೇಕು. ಜೋಯಿಡಾಕ್ಕೆ ಮೊದಲನೆಯದು ಬೇಕು.

ಇನ್ನೊಂದು ಗುಟ್ಟು. "ಕಡ್ಡಿ ತುಂಬಾ ಅದಾವು, ಮಾತು ಮಾತ್ರ ಹೋಗವಲ್ದು" ಅಂತ ಊರಿನ ಹಿರಿಯರು ಹೇಳುತ್ತಾರಲ್ಲ, ಅದು ಭ್ರಮೆ ಅಲ್ಲ. ಕಡ್ಡಿ ತೋರಿಸೋದು ಟವರಿನ ದನಿ ಫೋನಿಗೆ ಎಷ್ಟು ಕೇಳುತ್ತಿದೆ ಅಂತ. ಟವರ್ ಹತ್ತಾರು ವ್ಯಾಟ್‌ನಲ್ಲಿ ಕೂಗುತ್ತದೆ. ನಮ್ಮ ಫೋನ್ ಹೆಚ್ಚೆಂದರೆ 0.2 ವ್ಯಾಟ್‌ನಲ್ಲಿ ಪಿಸುಗುಟ್ಟುತ್ತದೆ. ಅದರ ಮಾತು ನಮಗೆ ಕೇಳುತ್ತದೆ, ನಮ್ಮ ಮಾತು ಅದಕ್ಕೆ ಕೇಳುವುದಿಲ್ಲ. ಆ ಪಿಸುಮಾತನ್ನು ದೂರ ಒಯ್ಯಬಲ್ಲದ್ದು ಕೆಳಗಿನ ಬ್ಯಾಂಡೇ.

ಆರು ವರ್ಷ ಖಾಲಿ ಕೂತ ತರಂಗ

ಹಳ್ಳಿಗೆ ಅಷ್ಟು ಹೊಂದುವ 700ರ ಕತೆ ಕೇಳಿ. 2016ರ ಹರಾಜಿನಲ್ಲಿ ಸರ್ಕಾರ ಅದಕ್ಕೆ ಇಟ್ಟ ಮೂಲಬೆಲೆ ದೇಶವ್ಯಾಪಿ ಲೆಕ್ಕದಲ್ಲಿ ಒಂದು ಮೆಗಾಹರ್ಟ್ಸ್‌ಗೆ 11,485 ಕೋಟಿ ರೂಪಾಯಿ. ಕನಿಷ್ಠ 5 ಬೇಕಂದರೂ 57 ಸಾವಿರ ಕೋಟಿ ದಾಟುತ್ತಿತ್ತು. ಒಬ್ಬರೂ ಕೊಳ್ಳಲಿಲ್ಲ. 2021ರ ಮಾರ್ಚ್‌ನಲ್ಲಿ ಬೆಲೆ 6,568 ಕೋಟಿಗೆ ಇಳಿಸಿದರು. ಆಗಲೂ ಯಾರೂ ಇಲ್ಲ. 2022ರಲ್ಲಿ 3,927 ಕೋಟಿ ಆಯಿತು. ಆಗ ಜಿಯೊ ಒಂದೇ ಕಂಪನಿ ದೇಶವ್ಯಾಪಿ 10 ಮೆಗಾಹರ್ಟ್ಸ್ ಕೊಂಡಿತು, ಸುಮಾರು 39,270 ಕೋಟಿಗೆ. ಏರ್‌ಟೆಲ್ 700ರ ಗೊಡವೆಗೆ ಹೋಗಲಿಲ್ಲ. ತನ್ನ ಹತ್ತಿರ ಇದ್ದ 900 ಮತ್ತು ನಡುವಿನ ಬ್ಯಾಂಡುಗಳ ಮೇಲೆ ಭರವಸೆ ಇಟ್ಟು, ಹಳೇ 4ಜಿ ಜಾಲದ ಬೆನ್ನ ಮೇಲೆಯೇ 5ಜಿ ಕೂರಿಸಿತು. ಎರಡೂ ವ್ಯವಹಾರದ ಲೆಕ್ಕದಲ್ಲಿ ಒಪ್ಪುವಂಥವೇ.

ಆದರೆ ಹಳ್ಳಿಯ ಲೆಕ್ಕ ನೋಡಿ. ತರಂಗ ಅಂದರೆ ಗೋದಾಮಿನಲ್ಲಿ ಇಟ್ಟು ಆಮೇಲೆ ಬಳಸೋ ಜೋಳ ಅಲ್ಲ. ಬಳಸದ ದಿನ ಹೋದ ದಿನವೇ. 2016ರಿಂದ 2022ರವರೆಗೆ, ಅಂದರೆ ಕೋವಿಡ್ ಕಾಲದ ಆನ್‌ಲೈನ್ ಪಾಠಗಳೂ ಸೇರಿ, ಮಲೆನಾಡಿಗೆ ಒಳ್ಳೆಯದಾಗಬಹುದಿದ್ದ ತರಂಗ ಸುಮ್ಮನೆ ಬಿದ್ದಿತ್ತು.

ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. 2012ರ ನವೆಂಬರ್‌ನಲ್ಲಿ 1800ರ ಹರಾಜು ನಡೆದಾಗ ಒಂದೂ ಬಿಡ್ ಬಾರದ ನಾಲ್ಕು ವಲಯಗಳಲ್ಲಿ ನಮ್ಮದೂ ಒಂದು. ಉಳಿದವು ದಿಲ್ಲಿ, ಮುಂಬೈ, ರಾಜಸ್ಥಾನ. ಬೆಲೆ ಶೇ 30 ಇಳಿಸಿ 2013ರ ಮಾರ್ಚ್‌ನಲ್ಲಿ ಮತ್ತೆ ಕರೆದರೂ ಆ ಬ್ಯಾಂಡಿಗೆ ಯಾರೂ ಬರಲಿಲ್ಲ.

ಸರ್ಕಾರ ಯಾಕೆ ಇಷ್ಟು ಬಿಗಿ ಹಿಡಿಯಿತು? ಅದಕ್ಕೂ ಕಾರಣ ಇದೆ. 2ಜಿ ಹಂಚಿಕೆಯಲ್ಲಿ 1.76 ಲಕ್ಷ ಕೋಟಿವರೆಗೆ ನಷ್ಟ ಅಂತ ಸಿಎಜಿ ಅಂದಾಜು ಮಾಡಿತು. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ 2017ರ ಡಿಸೆಂಬರ್‌ನಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಆದರೆ ಅಂಜಿಕೆ ಉಳಿದುಬಿಟ್ಟಿತು. ಕಡಿಮೆ ಬೆಲೆಗೆ ಕೊಟ್ಟರೆ ಹಗರಣದ ಹೆಸರು ಬರುತ್ತದೆ. ಮಾರದೇ ಇಟ್ಟುಕೊಂಡರೆ ಯಾವ ಅಧಿಕಾರಿಯ ಮೇಲೂ ಕೇಸ್ ಆಗೋದಿಲ್ಲ. ಆ ಸುರಕ್ಷಿತ ದಾರಿಯ ಖರ್ಚು ಬಿದ್ದದ್ದು ರಸ್ತೆ ಬದಿ ಕೂತು ಓದಿದ ಮಕ್ಕಳ ಮೇಲೆ.

ಒಂದೇ ವಾರ, ಎರಡು ಲೆಕ್ಕ

2022ರ ಜುಲೈ 26ಕ್ಕೆ 5ಜಿ ಹರಾಜು ಶುರುವಾಯಿತು. ಏಳು ದಿನದಲ್ಲಿ 1,50,173 ಕೋಟಿ ರೂಪಾಯಿ ಬಿಡ್ ಬಂತು. ಶುರುವಾದ ಮರುದಿನ, ಜುಲೈ 27ಕ್ಕೆ, ಕೇಂದ್ರ ಸಂಪುಟ ಇನ್ನೊಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು: 4ಜಿ ಇಲ್ಲದ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ 4ಜಿ, ಜೊತೆಗೆ 2ಜಿ, 3ಜಿಯಲ್ಲೇ ನಿಂತ 6,279 ಹಳ್ಳಿಗಳಿಗೆ ಬಡ್ತಿ. ಒಟ್ಟು ಖರ್ಚು 26,316 ಕೋಟಿ.

ಭಾಗಿಸಿ ನೋಡಿದರೆ ಹಳ್ಳಿಗೆ 85 ಲಕ್ಷದ ಆಸುಪಾಸು. ಆ ವಾರ ಒಂದೇ ಕಂಪನಿ 700ರ ಒಂದೇ ತುಂಡಿಗೆ ಒಪ್ಪಿಕೊಂಡ ಹಣ ಈ ಇಡೀ ಯೋಜನೆಯ ಒಂದೂವರೆ ಪಟ್ಟು. ಆ ಹಣ ಇಪ್ಪತ್ತು ವರ್ಷದ ಕಂತಿನಲ್ಲಿ ಕಟ್ಟುವಂಥದ್ದು, ನಿಜ. ಆದರೂ ಕೊನೆಗೆ ಅದು ಬರೋದು ನಮ್ಮ ನಿಮ್ಮ ರೀಚಾರ್ಜ್‌ನಿಂದ.

ಇನ್ನೊಂದು ಹಣವೂ ಅಲ್ಲಿಂದಲೇ ಹೋಗುತ್ತದೆ. ಕಂಪನಿಗಳು ತಮ್ಮ ಲೆಕ್ಕ ಹಾಕಿದ ಆದಾಯದ ಶೇ 5ನ್ನು ಹಳ್ಳಿಗಳ ಸಂಪರ್ಕಕ್ಕಾಗಿ ಒಂದು ನಿಧಿಗೆ ಕಟ್ಟಬೇಕು. 2002ರಲ್ಲಿ ಶುರುವಾದ ಈ ನಿಧಿಗೆ 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು. ನೀವು 100 ರೂಪಾಯಿ ರೀಚಾರ್ಜ್ ಮಾಡಿದರೆ ಜಿಎಸ್‌ಟಿ ಕಳೆದು ಸುಮಾರು ನಾಲ್ಕು ರೂಪಾಯಿ ಅದಕ್ಕೆ. ಹಾಗಾಗಿ ಹಳ್ಳಿಯ ಟವರ್ ಯಾರೋ ಕೊಡೋ ದಾನ ಅಲ್ಲ. ಮುಂಗಡ ಕಟ್ಟಾಗಿದೆ.

ಕಂಪನಿ ಯಾಕೆ ತಾನಾಗಿ ಬರೋದಿಲ್ಲ

ದೇಶವನ್ನು 22 ವಲಯಗಳಾಗಿ ಹಂಚಿದ್ದಾರೆ. ಕರ್ನಾಟಕ ಒಂದೇ ವಲಯ. ಅಂದರೆ ಬೆಂಗಳೂರಿಗೂ ಅಳ್ನಾವರಕ್ಕೂ ಒಂದೇ ಲೈಸೆನ್ಸ್. ಬೆಂಗಳೂರಿನಲ್ಲಿ ಒಂದು ಟವರಿಗೆ ಸಾವಿರಾರು ಗಿರಾಕಿ. ಕಾಡಂಚಿನ ಟವರಿಗೆ ನಾಲ್ಕಾರು ಕೇರಿ. ಮೇಲಾಗಿ ಅಲ್ಲಿಗೆ ಫೈಬರ್ ಎಳೆಯಬೇಕು ಇಲ್ಲವೇ ಗುಡ್ಡದಿಂದ ಗುಡ್ಡಕ್ಕೆ ಮೈಕ್ರೊವೇವ್ ಕೊಂಡಿ ಕಟ್ಟಬೇಕು. ಕರೆಂಟ್ ಹೋದರೆ ಬ್ಯಾಟರಿ, ಬ್ಯಾಟರಿ ಇಳಿದರೆ ಡೀಸೆಲ್. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲ ಅಂದರೆ ಟವರೂ ಇಲ್ಲ. ಟ್ರಾಯ್ ಲೆಕ್ಕದಲ್ಲಿ 2024ರ ಮಾರ್ಚ್ ಕೊನೆಗೆ ಪಟ್ಟಣದಲ್ಲಿ 100 ಜನಕ್ಕೆ ಸುಮಾರು 133 ಸಂಪರ್ಕ, ಹಳ್ಳಿಯಲ್ಲಿ ಸುಮಾರು 59. ಇದನ್ನು ಮಾರುಕಟ್ಟೆಯೇ ಸರಿ ಮಾಡುತ್ತದೆ ಅಂತ ಕೂತರೆ ನಾವು ಮುದುಕರಾಗುತ್ತೇವೆ.

ಬದಲಾವಣೆ ಆಗುತ್ತಿಲ್ಲ ಅಂತಲ್ಲ. 2023ರ ಜೂನ್‌ನಲ್ಲಿ ಬಿಎಸ್‌ಎನ್‌ಎಲ್‌ಗೆ 89,047 ಕೋಟಿಯ ಪ್ಯಾಕೇಜ್ ಘೋಷಿಸಿದಾಗ ಅದರೊಳಗೆ 700ರ ತರಂಗವೂ ಇತ್ತು. 2025ರ ಸೆಪ್ಟೆಂಬರ್ 27ಕ್ಕೆ ದೇಶೀ ತಂತ್ರಜ್ಞಾನದ 4ಜಿ ಜಾಲ ಉದ್ಘಾಟನೆಯಾಯಿತು. ಅದರ ರೇಡಿಯೊ ಉಪಕರಣ ಕೊಟ್ಟ ತೇಜಸ್ ನೆಟ್‌ವರ್ಕ್ಸ್ ನಮ್ಮ ಬೆಂಗಳೂರಿನದೇ. ಅದಕ್ಕಿಂತ ಸದ್ದಿಲ್ಲದೆ ಆದ ಒಳ್ಳೆ ಕೆಲಸ 2025ರ ಜನವರಿಯದು. ನಿಧಿಯ ಹಣದಿಂದ ಕಟ್ಟಿದ 4ಜಿ ಟವರುಗಳನ್ನು ಬೇರೆ ಕಂಪನಿಯ ಸಿಮ್ ಇರೋರೂ ಬಳಸಬಹುದು ಅನ್ನೋ ವ್ಯವಸ್ಥೆ ಬಂತು. ನನ್ನ ಪ್ರಕಾರ ಸರಿಯಾದ ದಾರಿ ಇದೇ. ಊರಿಗೆ ಒಂದೇ ಬಾವಿ ಇದ್ದಾಗ ಎಲ್ಲರ ಕೊಡಕ್ಕೂ ನೀರು ಸಿಗಬೇಕು.

ಊರಿಗೆ ಹೋದಾಗ ಇಷ್ಟು ಮಾಡಿ

ಒಂದು. ಅಪ್ಪ ಅಮ್ಮನಿಗೆ ಸಿಮ್ ಕೊಡಿಸುವ ಮುಂಚೆ ಕಂಪನಿಯ ವೆಬ್‌ಸೈಟಿನಲ್ಲಿ ಕವರೇಜ್ ನಕ್ಷೆ ನೋಡಿ. ಟ್ರಾಯ್‌ನ 2024ರ ನಿಯಮದಂತೆ ಅದನ್ನು ಎಲ್ಲರೂ ಪ್ರಕಟಿಸಲೇಬೇಕು. ನಿಮ್ಮ ಆಫೀಸಿನಲ್ಲಿ ಚೆನ್ನಾಗಿ ಓಡುವ ಸಿಮ್ ಊರಲ್ಲೂ ಓಡಬೇಕಂತಿಲ್ಲ.

ಎರಡು. ಫೋನ್ ಕೊಡಿಸುವಾಗ ಕ್ಯಾಮೆರಾ ಜೊತೆ ಬ್ಯಾಂಡ್ ಪಟ್ಟಿಯನ್ನೂ ನೋಡಿ. 4ಜಿಯಲ್ಲಿ ಬಿ5 ಅಂದರೆ 850, ಬಿ8 ಅಂದರೆ 900, ಬಿ28 ಅಂದರೆ 700. 5ಜಿಯ 700ಕ್ಕೆ ಎನ್28. ಇವು ಇಲ್ಲದ ಫೋನಿಗೆ ಆ ಟವರ್ ಇದ್ದೂ ಇಲ್ಲದಂತೆ.

ಮೂರು. 5ಜಿ ಬಂದು ಹೋಗಿ ಮಾಡುವ ಊರಲ್ಲಿ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ನಿಲ್ಲಿಸಿಬಿಡಿ. ನೆಟ್‌ವರ್ಕ್ ಆಯ್ಕೆ "ಆಟೊಮ್ಯಾಟಿಕ್" ಇರಲಿ. ಮನೆಗೆ ಫೈಬರ್ ಬಂದಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿಕೊಡಿ. ಗೋಡೆಯ ಸಮಸ್ಯೆ ಅಲ್ಲಿಗೆ ಮುಗಿಯಿತು.

ನಾಲ್ಕು, ಮುಖ್ಯವಾದದ್ದು. ಗ್ರಾಮಸಭೆಗೆ ಒಂದು ಸಲ ಹೋಗಿ. "ಟವರ್ ಬೇಕು" ಅಂತ ಬರೀ ಅರ್ಜಿ ಕೊಟ್ಟರೆ ಅದು ಕಡತದಲ್ಲಿ ಮಲಗುತ್ತದೆ. ಯಾವ ಕೇರಿ, ಯಾವ ಕಂಪನಿ, ಎಷ್ಟು ಮನೆ, ಮನೆಯೊಳಗೆ ಕರೆ ಹೋಗುತ್ತದೋ ಇಲ್ಲವೋ, ಕರೆಂಟ್ ಹೋದಾಗ ಎಷ್ಟು ಗಂಟೆ ಟವರ್ ಸತ್ತಿರುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ, ಠರಾವು ಮಾಡಿಸಿ. ಎಕ್ಸೆಲ್ ಶೀಟ್ ತುಂಬಿಸೋ ಕೆಲಸ ನಮಗೆ ಚೆನ್ನಾಗಿ ಬರುತ್ತದಲ್ಲ, ಇಲ್ಲಿ ಅದು ಉಪಯೋಗಕ್ಕೆ ಬರಲಿ.

ಮುಂದಿನ ಹರಾಜು ಆದಾಗ ಟಿವಿಯಲ್ಲಿ ಎಷ್ಟು ಸಾವಿರ ಕೋಟಿ ಬಂತು ಅಂತ ದೊಡ್ಡ ಅಕ್ಷರದಲ್ಲಿ ತೋರಿಸುತ್ತಾರೆ. ಮಾರಾಟ ಆಗದೆ ಉಳಿದ ತರಂಗ ಎಷ್ಟು, ಅದು ಯಾವ ಬ್ಯಾಂಡು ಅನ್ನೋ ಸಾಲು ಸುದ್ದಿಯ ಕೊನೆಯಲ್ಲಿ ಎಲ್ಲೋ ಇರುತ್ತದೆ. ಅದನ್ನು ಹುಡುಕಿ ಓದಿ. ನಿಮ್ಮ ಊರಿನ ಸುದ್ದಿ ಅದರಲ್ಲಿರುತ್ತದೆ.