ಒಂದೇ ದಿನ, ಮೂರು ಹುಟ್ಟುಹಬ್ಬ: ನೆನಪಿಗೆ ನೆಲೆ ಎಲ್ಲಿ?

ಕನ್ನಡ ಚಿತ್ರರಂಗದ ಮಟ್ಟಿಗೆ ಸೆಪ್ಟೆಂಬರ್ 18 ಸಾಮಾನ್ಯ ದಿನವಲ್ಲ. 1950ರಲ್ಲಿ ಇದೇ ದಿನ ಮೈಸೂರಿನಲ್ಲಿ ಜನಿಸಿದ ಸಂಪತ್ ಕುಮಾರ್ ಮುಂದೆ ವಿಷ್ಣುವರ್ಧನ್ ಆಗಿ ನಾಡಿನ ಮನೆಮಾತಾದರು. 1968ರಲ್ಲಿ ಇದೇ ದಿನ ಉಪೇಂದ್ರ ಹುಟ್ಟಿದರೆ, 1975ರಲ್ಲಿ ಇದೇ ದಿನ ಶ್ರುತಿ ಹುಟ್ಟಿದರು. ವಿಷ್ಣು ಹುಟ್ಟಿದ ವರ್ಷ, ಅದೇ ದಿನ ಜನಿಸಿದ ಇನ್ನೊಬ್ಬ ಕಲಾವಿದೆ ಶಬಾನಾ ಆಜ್ಮಿ. ಎಂ.ಎಸ್. ಸತ್ಯು ಅವರ 'ಕನ್ನೇಶ್ವರ ರಾಮ'ದಲ್ಲಿ ನಟಿಸಿದ್ದರಿಂದ ಅವರೂ ಕನ್ನಡಕ್ಕೆ ತೀರಾ ಹೊರಗಿನವರೇನಲ್ಲ.

ಇದು ಕೇವಲ ಕಾಕತಾಳೀಯ. ಜನ್ಮದಿನಗಳು ಹೀಗೆ ಒಟ್ಟಾಗಿ ಬರುವುದರಲ್ಲಿ ಯಾವ ಗೂಢಾರ್ಥವೂ ಇಲ್ಲ. ಆದರೆ ಆ ದಿನವನ್ನು ನಾವು ಆಚರಿಸುವ ಬಗೆಯಲ್ಲಿ ಅರ್ಥವಿದೆ. ಕಲಾವಿದರನ್ನು ನಾಡು ಹೇಗೆ ನೆನೆಯುತ್ತದೆ, ಏನನ್ನು ಮರೆಯುತ್ತದೆ ಎಂಬುದಕ್ಕೆ ಸೆಪ್ಟೆಂಬರ್ 18 ಒಂದು ಕನ್ನಡಿ.

ಮೊದಲಿಗೆ ವಿಷ್ಣುವರ್ಧನ್ ಅವರ ವಿಚಾರ. 'ವಂಶವೃಕ್ಷ'ದ ಸಣ್ಣ ಪಾತ್ರದಿಂದ ಬೆಳ್ಳಿತೆರೆಗೆ ಬಂದ ಅವರನ್ನು ಪುಟ್ಟಣ್ಣ ಕಣಗಾಲ್ ನಿರ್ದೇಶನದ 'ನಾಗರಹಾವು' ನಾಯಕನನ್ನಾಗಿಸಿತು. ಆ ಚಿತ್ರ ತೆರೆಕಂಡದ್ದು 1972ರ ಡಿಸೆಂಬರ್ 29ರಂದು. ಅಲ್ಲಿಂದ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಅವರು ಕಣ್ಮರೆಯಾದದ್ದು 2009ರ ಡಿಸೆಂಬರ್ 30ರಂದು. 'ಆಪ್ತರಕ್ಷಕ' ಮರುವರ್ಷದ ಫೆಬ್ರವರಿಯಲ್ಲಿ ತೆರೆಗೆ ಬಂದಾಗ ಅದನ್ನು ನೋಡಲು ಅವರಿರಲಿಲ್ಲ.

ಅನಂತರ ನಡೆದದ್ದು ಸ್ಮಾರಕದ ಕಥೆ. ಅಂತ್ಯಸಂಸ್ಕಾರವಾದದ್ದು ಹಿರಿಯ ನಟ ಬಾಲಕೃಷ್ಣ ಕಟ್ಟಿದ್ದ ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲಿ. ಆ ಜಾಗದ ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಸರ್ಕಾರದ ಸ್ಮಾರಕ ಮೈಸೂರಿನ ಹೊರವಲಯದಲ್ಲಿ ತಲೆಯೆತ್ತಿ, 2023ರ ಜನವರಿಯಲ್ಲಿ, ಅಂದರೆ ನಟ ತೀರಿಕೊಂಡ 13 ವರ್ಷಗಳ ಬಳಿಕ ಉದ್ಘಾಟನೆಗೊಂಡಿತು. ಅಭಿಮಾನ್ ಸ್ಟುಡಿಯೋದಲ್ಲಿದ್ದ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ತೆರವುಗೊಳಿಸಲಾಯಿತು. ಮರುತಿಂಗಳೇ, 75ನೇ ಜನ್ಮದಿನಕ್ಕೆ ಕೆಲವೇ ದಿನಗಳಿರುವಾಗ, ರಾಜ್ಯ ಸರ್ಕಾರ ಅವರಿಗೆ ಮರಣೋತ್ತರವಾಗಿ 'ಕರ್ನಾಟಕ ರತ್ನ' ಘೋಷಿಸಿತು. ಒಂದು ತಿಂಗಳಲ್ಲಿ ಸಮಾಧಿ ಹೋಯಿತು, ಮುಂದಿನ ತಿಂಗಳಲ್ಲಿ ಪ್ರಶಸ್ತಿ ಬಂತು. ಅಭಿಮಾನಿಗಳ ನೋವು, ಸಮಾಧಾನ ಎರಡೂ ಸಹಜವೇ. ಆದರೆ ಒಬ್ಬ ಕಲಾವಿದನ ಸ್ಮರಣೆ ಹದಿನೈದು ವರ್ಷಗಳ ಕಾಲ ಒಂದು ತುಂಡು ನೆಲದ ಸುತ್ತಲೇ ಗಿರಕಿ ಹೊಡೆದದ್ದು ಸರಿಯೇ ಎಂದು ಕೇಳದೆ ವಿಧಿಯಿಲ್ಲ.

ಉಪೇಂದ್ರ ಅವರ ಹುಟ್ಟುಹಬ್ಬದ ಬಣ್ಣವೇ ಬೇರೆ. ಜನ್ಮದಿನವನ್ನು ಸಾರ್ವಜನಿಕ ಸಂದರ್ಭವಾಗಿ ಬಳಸಿಕೊಳ್ಳುವ ಕಲೆ ಅವರಿಗೆ ಕರಗತ. 2018ರ ಸೆಪ್ಟೆಂಬರ್ 18ರಂದು, ತಮ್ಮ 50ನೇ ಹುಟ್ಟುಹಬ್ಬದಂದೇ, ಅವರು 'ಉತ್ತಮ ಪ್ರಜಾಕೀಯ ಪಕ್ಷ'ಕ್ಕೆ ಚಾಲನೆ ನೀಡಿದರು. ಆದರೆ ನಿರ್ದೇಶಕರಾಗಿ ಅವರನ್ನು ಜೀವಂತವಾಗಿರಿಸಿರುವುದು ಈ ದಿನವಲ್ಲ, ಅವರ ಚಿತ್ರಗಳು. 1995ರ 'ಓಂ' ನೂರಾರು ಬಾರಿ ಮತ್ತೆ ಮತ್ತೆ ಬಿಡುಗಡೆ ಕಂಡಿದೆ. 1998ರ 'ಎ' 2024ರಲ್ಲಿ ಮತ್ತೆ ತೆರೆಗೆ ಬಂತು. ಹುಟ್ಟುಹಬ್ಬದ ಕೇಕ್ ಒಂದು ದಿನದ್ದು. ಚಿತ್ರಮಂದಿರಕ್ಕೆ ಹೊಸ ತಲೆಮಾರನ್ನು ಕರೆತರುವ ಶಕ್ತಿ ಕೃತಿಗೆ ಮಾತ್ರ ಇದೆ.

ಶ್ರುತಿ ಅವರ ವಿಷಯಕ್ಕೆ ಬಂದರೆ ಬೇರೊಂದು ಪ್ರಶ್ನೆ ಏಳುತ್ತದೆ. ದ್ವಾರಕೀಶ್ ನಿರ್ದೇಶನದ 1990ರ 'ಶೃತಿ' ಚಿತ್ರದಿಂದಲೇ ಹೆಸರು ಪಡೆದ ಈ ನಟಿ, ತೊಂಬತ್ತರ ದಶಕದ ಕೌಟುಂಬಿಕ ಚಿತ್ರಗಳನ್ನು ತಮ್ಮ ಹೆಗಲ ಮೇಲೆ ಹೊತ್ತವರು. 'ವೀರಪ್ಪ ನಾಯ್ಕ'ದಲ್ಲಿ ವಿಷ್ಣುವರ್ಧನ್ ಎದುರು ಸರಿಸಮನಾಗಿ ನಿಂತವರು. ಆದರೂ ಸೆಪ್ಟೆಂಬರ್ 18ರ ಕಟೌಟು, ಹಾಲಿನ ಅಭಿಷೇಕ, ಬೈಕ್ ರ‍್ಯಾಲಿಗಳ ನಡುವೆ ಅವರ ಹೆಸರು ಕೇಳಿಬರುವುದು ಮೆಲುದನಿಯಲ್ಲಿ. ಅಭಿಮಾನಿ ಸಂಘಗಳ ಲೋಕ ಬಹುಮಟ್ಟಿಗೆ ನಾಯಕ ನಟರ ಸುತ್ತಲೇ ಕಟ್ಟಿಕೊಂಡಿದ್ದು. ಚಿತ್ರಮಂದಿರ ತುಂಬಿಸಿದ ಮಹಿಳಾ ಪ್ರೇಕ್ಷಕರು ಸಂಘ ಕಟ್ಟಲಿಲ್ಲ, ಫ್ಲೆಕ್ಸ್ ನಿಲ್ಲಿಸಲಿಲ್ಲ. ಹಾಗಾಗಿ ಅವರ ಮೆಚ್ಚುಗೆ ದಾಖಲೆಗೂ ಸಿಗಲಿಲ್ಲ.

ಈ ಮೂರೂ ಉದಾಹರಣೆಗಳು ಹೇಳುವುದು ಒಂದೇ ಮಾತು. ನಮ್ಮ ನೆನಪು ವ್ಯಕ್ತಿಯ ಜನ್ಮದಿನಕ್ಕೆ ಅಂಟಿಕೊಂಡಿದೆ, ಕೃತಿಯ ಜನ್ಮದಿನಕ್ಕೆ ಅಲ್ಲ. ವಿಷ್ಣು ಹುಟ್ಟಿದ ದಿನ ಎಲ್ಲರಿಗೂ ಗೊತ್ತು. 'ನಾಗರಹಾವು' ಹುಟ್ಟಿದ ದಿನ ಎಷ್ಟು ಮಂದಿಗೆ ನೆನಪಿದೆ? ಕೃತಿಯನ್ನು ನೆನೆದರೆ ಅದರೊಂದಿಗೆ ಕಾದಂಬರಿಕಾರ ತ.ರಾ.ಸು., ನಿರ್ದೇಶಕ ಪುಟ್ಟಣ್ಣ, ನಿರ್ಮಾಪಕ ವೀರಾಸ್ವಾಮಿ ಎಲ್ಲರೂ ನೆನಪಾಗುತ್ತಾರೆ. ಪಾಲು ಹಂಚಿಕೆಯಾಗುತ್ತದೆ.

ಮರೆತರೆ ಆಗುವ ನಷ್ಟ ಎಂಥದ್ದು ಎಂಬುದಕ್ಕೆ ಬಹುದೂರ ಹೋಗಬೇಕಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ದಿನಾಂಕ ಉಳಿದಿದೆ, ಚಿತ್ರ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ, ಅಂದರೆ ಮೂವತ್ತು ವರ್ಷಗಳ ನಂತರ. ಸೆಲ್ಯುಲಾಯ್ಡ್ ರೀಲುಗಳು ಶಾಖ, ತೇವಾಂಶಗಳಿಗೆ ಬೇಗ ಹಾಳಾಗುತ್ತವೆ. ನಿರ್ಮಾಪಕರ ಗೋದಾಮುಗಳಲ್ಲಿ ಅವು ತಾವಾಗಿಯೇ ಬದುಕಿ ಉಳಿಯಲಾರವು. 'ನಾಗರಹಾವು' ಡಿಜಿಟಲ್ ರೂಪ ಪಡೆದು 2018ರಲ್ಲಿ ಮತ್ತೆ ತೆರೆಕಂಡದ್ದು ಆ ಚಿತ್ರದ ಭಾಗ್ಯ. ಲಾಭದ ಭರವಸೆ ಇಲ್ಲದ ಚಿತ್ರಗಳಿಗೆ ಆ ಭಾಗ್ಯ ತರುವವರು ಯಾರು?

ಮಾರುಕಟ್ಟೆಗೆ ಹುಟ್ಟುಹಬ್ಬದ ಬೆಲೆ ಗೊತ್ತು. ಪುನೀತ್ ರಾಜ್‌ಕುಮಾರ್ ಅವರ 50ನೇ ಜನ್ಮದಿನದ ಹೊಸ್ತಿಲಲ್ಲಿ, 2025ರ ಮಾರ್ಚ್‌ನಲ್ಲಿ, 'ಅಪ್ಪು' ಮತ್ತೆ ಬಿಡುಗಡೆಯಾದದ್ದು ಇದಕ್ಕೆ ಸಾಕ್ಷಿ. ಇದನ್ನು ತಪ್ಪೆನ್ನಲಾಗದು, ಹುಟ್ಟುಹಬ್ಬದ ನೆಪದಲ್ಲಾದರೂ ಹಳೆಯ ಚಿತ್ರಗಳು ಶುದ್ಧಗೊಂಡು ಮರಳುವುದು ಒಳಿತೇ. ಆದರೆ ಮಾರುಕಟ್ಟೆ ಆರಿಸುವುದು ಗೆದ್ದದ್ದನ್ನು ಮಾತ್ರ. ಉಳಿದುದನ್ನು ಕಾಯುವುದು ಸರ್ಕಾರ, ಚಲನಚಿತ್ರ ಅಕಾಡೆಮಿ, ವಾಣಿಜ್ಯ ಮಂಡಳಿಗಳ ಹೊಣೆ.

ಅಭಿಮಾನಿಗಳ ಪಾಲೂ ಇಲ್ಲಿ ಕಡಿಮೆಯದಲ್ಲ. ಸ್ಮಾರಕಕ್ಕಾಗಿ ಬೀದಿಗಿಳಿಯಬಲ್ಲ ಸಂಘಗಳು ತಮ್ಮ ನಟನ ಅಷ್ಟೂ ಚಿತ್ರಗಳ ಪಟ್ಟಿ ಹಿಡಿದು, ಯಾವುದರ ಒಳ್ಳೆಯ ಪ್ರತಿ ಎಲ್ಲಿದೆ, ಯಾವುದು ಕಾಣೆಯಾಗಿದೆ ಎಂದು ವಿಚಾರಿಸಿದರೆ ಅಧಿಕಾರಸ್ಥರು ಉತ್ತರಿಸಲೇಬೇಕಾಗುತ್ತದೆ. ಸಮಾಧಿಯನ್ನು ಒಂದು ರಾತ್ರಿಯಲ್ಲಿ ಕೆಡವಬಹುದು. ಸಾವಿರಾರು ಜನರ ಕಣ್ಣಿಗೆ ಮತ್ತೆ ಮತ್ತೆ ಬೀಳುವ ಚಿತ್ರವನ್ನು ಕೆಡವುವುದು ಅಷ್ಟು ಸುಲಭವಲ್ಲ. ಮುಂದಿನ ಸೆಪ್ಟೆಂಬರ್ 18ಕ್ಕೆ ಹಾರದ ಜೊತೆಗೆ ಆ ಪಟ್ಟಿಯೂ ಸಿದ್ಧವಾಗಲಿ.