ಗಾಲಿ ಮೇಲಿನ ಮನೆ ಕೊಳ್ಳೋಕೆ ಒಳ್ಳೆ ಮುಹೂರ್ತ ಯಾವುದು?

"ರೀ, ಇದು ನಿಮ್ಮ ಆಸೆಯೋ, ನಮ್ಮಿಬ್ಬರ ಆಸೆಯೋ?"

ನನ್ನಾಕೆ ಹೀಗೆ ಕೇಳಿದ್ದು ಹೋದ ಅಕ್ಟೋಬರಿನಲ್ಲಿ, ರಾತ್ರಿ ಮೂರು ಗಂಟೆಗೆ, ವರ್ಜೀನಿಯಾದ ಶೆನಂಡೋವಾ ಬೆಟ್ಟದ ಮೇಲೆ. ಬಾಡಿಗೆಗೆ ತಂದ ಮೋಟರ್‌ಹೋಮಿನ ಒಳಗೆ ಇಬ್ಬರೂ ಎರಡೆರಡು ರಗ್ಗು ಹೊದ್ದು ನಡುಗುತ್ತಾ ಕೂತಿದ್ದೆವು. ಆ ಪ್ರಶ್ನೆಗೆ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ಹೊರಟವನಿಗೆ ಹೊಳೆದಿದ್ದನ್ನು ಇಲ್ಲಿ ಬರೆದಿಡೋಣ ಅಂತ ಈ ಲೇಖನ.

ಮೊದಲು ಸ್ವಲ್ಪ ಹಿನ್ನೆಲೆ. ನನಗೀಗ ಅರವತ್ಮೂರು, ಅವಳಿಗೆ ಅರವತ್ತೆರಡು. ನ್ಯೂಜೆರ್ಸಿಗೆ ಬಂದು ಇಪ್ಪತ್ತೇಳು ವರ್ಷ ಆಯ್ತು. ಮಕ್ಕಳಿಬ್ಬರೂ ತಮ್ಮ ತಮ್ಮ ಊರು ಸೇರಿದ್ದಾರೆ. ಇನ್ನೆರಡು ವರ್ಷಕ್ಕೆ ನಾನು ರಿಟೈರ್ ಆಗ್ತೀನಿ, ಆಮೇಲೆ ಮನೆ ಮಾರಿ, ಒಂದು ಮೋಟರ್‌ಹೋಮ್ ಕೊಂಡು, ಅದರಲ್ಲೇ ಪೂರ್ತಿ ವಾಸ ಮಾಡ್ತಾ ಈ ದೇಶ ಸುತ್ತಬೇಕು ಅನ್ನೋದು ನನ್ನ ಬಹಳ ದಿನದ ಕನಸು. ಊರಲ್ಲಿರೋ ಓದುಗರಿಗೆ ಹೇಳೋದಾದ್ರೆ, ಲಾರಿ ಅಥವಾ ಬಸ್ಸಿನ ಚಾಸಿ ಮೇಲೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲಾ ಕೂರಿಸಿದ ಗಾಡಿ ಇದು. ಬಸ್ಸಿನ ಥರ ಇರೋದಕ್ಕೆ ಕ್ಲಾಸ್ ಎ ಅಂತಾರೆ, ವ್ಯಾನಿನಷ್ಟೇ ಇರೋದಕ್ಕೆ ಕ್ಲಾಸ್ ಬಿ, ಡ್ರೈವರ್ ತಲೆ ಮೇಲೆ ಅಟ್ಟದ ಹಾಗೆ ಹಾಸಿಗೆ ಚಾಚಿಕೊಂಡಿರೋದಕ್ಕೆ ಕ್ಲಾಸ್ ಸಿ. ಇಲ್ಲಿ ಸಾವಿರಾರು ಜನ ರಿಟೈರ್ ಆದ ಮೇಲೆ ಹೀಗೆ ಬದುಕ್ತಾರೆ.

ಈ ಕನಸಿಗೆ ನನ್ನ ಅವಸರವೂ ಸೇರಿಕೊಂಡಿದೆ, ಅದಕ್ಕೆ ಕಾರಣ ಅಪ್ಪ. ಅವರದ್ದು ವರ್ಗಾವಣೆಯ ಸರ್ಕಾರಿ ನೌಕರಿ. ಕಾಶಿ, ಬದರಿ ನೋಡಬೇಕು ಅಂತ ಅವರಿಗೆ ಆಸೆ. 'ರಿಟೈರ್ ಆಗ್ಲಿ' ಅಂದ್ರು, ಆಮೇಲೆ 'ಮನೆ ಮುಗೀಲಿ' ಅಂದ್ರು, ಆಮೇಲೆ 'ತಂಗಿ ಮದುವೆ ಆಗ್ಲಿ' ಅಂದ್ರು. ಎಲ್ಲಾ ಮುಗಿಯೋ ಹೊತ್ತಿಗೆ ಹೃದಯ ಕೈಕೊಟ್ಟಿತ್ತು, ಮಹಡಿ ಮೆಟ್ಟಿಲು ಹತ್ತೋದೇ ಕಷ್ಟ ಆಯ್ತು. ಹಾಗಾಗಿ ಹೋದ ಸೆಪ್ಟೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ನಡೆಯೋ ದೊಡ್ಡ ಆರ್.ವಿ. ಪ್ರದರ್ಶನಕ್ಕೆ ಹೋದಾಗ, ಹೊಚ್ಚ ಹೊಸ ಗಾಡಿಯೊಂದರ ಕಾಗದಕ್ಕೆ ಇನ್ನೇನು ಸಹಿ ಹಾಕೋದರಲ್ಲಿದ್ದೆ. ಇಪ್ಪತ್ತು ವರ್ಷದ ಸಾಲ! ಕೊನೇ ಕಂತು ಕಟ್ಟೋವಾಗ ನನಗೆ ಎಂಬತ್ಮೂರು ಆಗಿರುತ್ತೆ ಅಂತ ಲೆಕ್ಕ ಹಾಕಿದ್ದು ನಾನಲ್ಲ, ನನ್ನಾಕೆ. "ಮೊದ್ಲು ಒಂದ್ವಾರ ಬಾಡಿಗೆಗೆ ತಗೊಂಡು ಇದ್ದು ನೋಡೋಣ" ಅಂದಳು.

*

ಯಾವಾಗ ಕೊಳ್ಳಬೇಕು ಅನ್ನೋ ಪ್ರಶ್ನೆಗೆ ಎರಡು ಪಂಗಡ ಇದೆ. ಒಂದು, 'ಸಂಬಳ ಬರ್ತಿರೋವಾಗಲೇ ಕೊಂಡುಬಿಡಿ' ಅನ್ನೋರದ್ದು. ಇನ್ನೊಂದು, 'ರಿಟೈರ್ ಆಗಿ, ಮನೆ ಮಾರಿ, ಆ ದುಡ್ಡಲ್ಲಿ ಕೊಳ್ಳಿ' ಅನ್ನೋರದ್ದು. ನನಗೆ ಎರಡೂ ಕಡೆಯವರು ಪರಿಚಯ.

ಮೊದಲನೆಯವರು ರಿಟೈರ್ ಆಗೋಕೆ ಐದು ವರ್ಷ ಮೊದಲೇ ಹೊಸ ಗಾಡಿ ತಂದರು. ಅವರ ಬಡಾವಣೆಯಲ್ಲಿ ಮನೆ ಮುಂದೆ ಅದನ್ನ ನಿಲ್ಲಿಸೋ ಹಾಗಿಲ್ಲ. ತಿಂಗಳಾ ತಿಂಗಳಾ ಬಾಡಿಗೆ ಕೊಟ್ಟು ಊರಾಚೆ ಒಂದು ಬಯಲಲ್ಲಿ ನಿಲ್ಲಿಸಿದ್ರು. ವರ್ಷಕ್ಕೆ ಮೂರೋ ನಾಲ್ಕೋ ವಾರಾಂತ್ಯ ಅಷ್ಟೇ ಓಡಾಟ. ನಿಂತ ಗಾಡಿ ಹಾಳಾಗಲ್ಲ ಅಂತ ನಾವಂದುಕೊಳ್ತೀವಿ, ಆದರೆ ಓಡೋ ಗಾಡಿಗಿಂತ ನಿಂತ ಗಾಡಿಯೇ ಬೇಗ ಹಾಳಾಗೋದು. ಇಲಿ ವೈರ್ ಕಡಿದಿತ್ತು. ಟೈರುಗಳ ಗುಂಡಿ ಒಂದಿಷ್ಟೂ ಸವೆದಿರಲಿಲ್ಲ, ಆದ್ರೂ ಆರನೇ ವರ್ಷಕ್ಕೆ ಬದಲಾಯಿಸಬೇಕಾಯ್ತು. ಆರ್.ವಿ. ಟೈರಿಗೆ ಮೈಲಿಗಿಂತ ವಯಸ್ಸೇ ಶತ್ರು. ಪಕ್ಕದಲ್ಲಿ ಡಾಟ್ ಸಂಖ್ಯೆಯ ಕೊನೇ ನಾಲ್ಕು ಅಂಕಿ ನೋಡಿ: 2319 ಅಂತಿದ್ರೆ 2019ನೇ ಇಸವಿಯ 23ನೇ ವಾರ ತಯಾರಾಗಿದ್ದು ಅಂತ ಅರ್ಥ. ಐದರಿಂದ ಏಳು ವರ್ಷ ಆದ್ರೆ ಬದಲಾಯಿಸೋದು ವಾಡಿಕೆ. ಇನ್ನು ವಾರಂಟಿ? ಗಾಡಿಯೊಳಗಿನ ಮನೆ ಭಾಗಕ್ಕೆ ಸಾಮಾನ್ಯವಾಗಿ ಒಂದೇ ವರ್ಷ. ಅವರು ನಿಜವಾಗಿ ವಾಸ ಶುರು ಮಾಡೋ ಹೊತ್ತಿಗೆ ಅದು ಮುಗಿದು ನಾಲ್ಕು ವರ್ಷವಾಗಿತ್ತು, ಬೆಲೆಯೂ ಬಹಳ ಇಳಿದಿತ್ತು.

ಎರಡನೆಯವರು ತದ್ವಿರುದ್ಧ. ಒಂದೇ ತಿಂಗಳಲ್ಲಿ ರಿಟೈರ್ ಆಗಿ, ಮನೆ ಮಾರಿ, ಗಾಡಿ ಕೊಂಡು ಹೊರಟೇಬಿಟ್ಟರು. ಮೂರನೇ ತಿಂಗಳು ಚಾವಣಿ ಸೋರೋಕೆ ಶುರುವಾಯ್ತು. ವರ್ಕ್‌ಶಾಪಿನಲ್ಲಿ ಸರದಿಗೆ ಮೂರು ವಾರ. ಕಾರು ರಿಪೇರಿಗೆ ಬಿಟ್ರೆ ಮನೆಗೆ ಬರಬಹುದು, ಆದರೆ ಮನೇನೇ ರಿಪೇರಿಗೆ ಬಿಟ್ಟವರು ಎಲ್ಲಿಗೆ ಹೋಗಬೇಕು? ಮೋಟೆಲ್ಲಿಗೆ! ಎಂಟನೇ ತಿಂಗಳಿಗೆ ಅವರ ಮನೆಯವರಿಗೆ ಮಂಡಿ ಆಪರೇಷನ್ ಆಗಬೇಕಾಯ್ತು, ಗಾಡಿಯ ಎತ್ತರದ ಮೆಟ್ಟಿಲು ಹತ್ತೋಕಾಗಲಿಲ್ಲ. ವಾಪಸ್ ಬರೋಕೆ ಮನೆ ಇರಲಿಲ್ಲ, ಮಗಳ ಮನೆಯ ಕೆಳಗಿನ ರೂಮಿಗೆ ಬಂದು ಸೇರಿದರು.

*

ಈಗ ನಮ್ಮ ಶೆನಂಡೋವಾ ಕಥೆಗೆ ಬರ್ತೀನಿ. ಸ್ಕೈಲೈನ್ ಡ್ರೈವಿನಲ್ಲಿ ಮೇರೀಸ್ ರಾಕ್ ಅನ್ನೋ ಸುರಂಗ ಇದೆ, ಎತ್ತರ 12 ಅಡಿ 8 ಇಂಚು. ನಮ್ಮ ಗಾಡಿ ಅದಕ್ಕಿಂತ ತಗ್ಗು ಅಂತ ಸ್ಟೇರಿಂಗ್ ಪಕ್ಕದಲ್ಲೇ ಚೀಟಿ ಅಂಟಿಸಿದ್ದರೂ, ಒಳಗೆ ನುಗ್ಗೋವಾಗ ನಾನು ತಲೆ ಬಗ್ಗಿಸಿಕೊಂಡಿದ್ದೆ! ಬಿಗ್ ಮೆಡೋಸ್ ಕ್ಯಾಂಪ್‌ಗ್ರೌಂಡು 3,500 ಅಡಿ ಎತ್ತರದಲ್ಲಿದೆ, ಅಲ್ಲಿ ಗಾಡಿಗೆ ಕರೆಂಟ್ ಸಿಕ್ಕಿಸೋ ವ್ಯವಸ್ಥೆ ಇಲ್ಲ. ಸಂಜೆ ಸಾರಿಗೆ ಒಗ್ಗರಣೆ ಹಾಕಿದ್ದೇ ತಡ, ಹೊಗೆ ಅಲಾರಂ ಇಡೀ ಕಾಡಿಗೆ ಕೇಳೋ ಹಾಗೆ ಕಿರುಚಿತು. ರಾತ್ರಿ ಹೀಟರ್ ಹಾಕಿ ಮಲಗಿದ್ವಿ. ಅದು ಉರಿಯೋದು ಗ್ಯಾಸಿನಿಂದ, ಆದರೆ ಬಿಸಿಗಾಳಿ ಊದೋ ಫ್ಯಾನು ಓಡೋದು ಬ್ಯಾಟರಿಯಿಂದ ಅನ್ನೋದು ನನಗೆ ಗೊತ್ತಾಗಿದ್ದು ಮೂರು ಗಂಟೆಗೆ, ಬ್ಯಾಟರಿ ಸತ್ತ ಮೇಲೆ. ಅಷ್ಟು ಹೊತ್ತಲ್ಲಿ ಜನರೇಟರ್ ಹಾಕೋ ಹಾಗಿಲ್ಲ.

ಆಗ ಬಂದಿದ್ದು ಆ ಪ್ರಶ್ನೆ. "ಸುತ್ತೋಕೆ ನನಗೂ ಇಷ್ಟ. ಆದ್ರೆ ಮನೇನೇ ಇಲ್ಲ ಅಂದ್ರೆ ನನಗೆ ನಿದ್ದೆ ಬರಲ್ಲ. ಮಗಳಿಗೆ ಬಾಣಂತನ ಅಂತ ಬಂದ್ರೆ ನಾನು ಎಲ್ಲಿರಬೇಕು, ಯಾವುದೋ ಮರುಭೂಮಿಯಲ್ಲಾ?" ಅಂದಳು. ಇಷ್ಟು ವರ್ಷ ನಾನು ಗಾಡಿಯ ಉದ್ದ, ಎಂಜಿನ್ನು, ಟ್ಯಾಂಕಿನ ಗ್ಯಾಲನ್ ಎಲ್ಲಾ ಲೆಕ್ಕ ಹಾಕಿದ್ದೆ. ಇದನ್ನ ಒಂದು ಸಲವೂ ಕೇಳಿರಲಿಲ್ಲ.

ಆ ರಾತ್ರಿ ನಾನು ಕಂಡುಕೊಂಡಿದ್ದು ಇಷ್ಟು: ಗಾಡಿ ಕೊಳ್ಳೋ ದಿನ, ಹೊರಡೋ ದಿನ, ಮನೆ ಮಾರೋ ದಿನ, ಇವು ಮೂರೂ ಬೇರೆ ಬೇರೆ. ಆ ಇಬ್ಬರು ಪರಿಚಯದವರ ಕಷ್ಟಕ್ಕೂ ಮೂಲ ಇದರಲ್ಲೇ ಇತ್ತು. ಒಬ್ಬರು ಮೊದಲನೇ ದಿನವನ್ನ ತೀರಾ ದೂರ ಇಟ್ಟರು, ಇನ್ನೊಬ್ಬರು ಮೂರನ್ನೂ ಒಂದೇ ಮುಹೂರ್ತಕ್ಕೆ ತುರುಕಿದರು.

ನನ್ನ ಅಭಿಪ್ರಾಯದಲ್ಲಿ ಕೊಳ್ಳೋ ದಿನ ಹೊರಡೋ ದಿನಕ್ಕಿಂತ ಒಂದೂವರೆ, ಹೆಚ್ಚೆಂದರೆ ಎರಡು ವರ್ಷ ಮುಂಚೆ ಇರಬೇಕು. ಯಾಕೆಂದ್ರೆ ಅಷ್ಟರಲ್ಲಿ ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಚಳಿಗಾಲ ಅದರ ಜೊತೆ ಕಳೆಯುತ್ತೆ. ಪೈಪಿನ ನೀರು ಹೆಪ್ಪುಗಟ್ಟದಂತೆ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬೋದು, ವಸಂತದಲ್ಲಿ ಅದನ್ನ ತೊಳೆಯೋದು, ಶೌಚದ ಟ್ಯಾಂಕ್ ಖಾಲಿ ಮಾಡೋದು, ಎಲ್ಲಿ ಸೋರುತ್ತೆ ಅಂತ ಪತ್ತೆ ಮಾಡೋದು, ಇದೆಲ್ಲಾ ಸಂಬಳ ಬರ್ತಿರೋವಾಗ, ಹಿಂದೆ ಒಂದು ಮನೆ ಇರೋವಾಗಲೇ ಕಲೀಬೇಕು. ಸಾಲ ಬೇಕಿದ್ರೂ ಆಗಲೇ ಸುಲಭ. ಸ್ಥಿರ ವಿಳಾಸ ಇಲ್ಲದೆ ಗಾಡಿಯಲ್ಲೇ ವಾಸ ಮಾಡೋರಿಗೆ ಸಾಲ ಕೊಡೋಕೆ ಎಷ್ಟೋ ಬ್ಯಾಂಕುಗಳು ಹಿಂಜರಿಯುತ್ತವೆ. ಪೂರ್ತಿ ವಾಸಕ್ಕೆ ವಿಮೆಯೂ ಬೇರೆ ಥರದ್ದು, ಕೆಲವು ಕಂಪನಿಗಳ ವಾರಂಟಿಯಂತೂ ಅಂಥ ವಾಸಕ್ಕೆ ಅನ್ವಯಿಸೋದೇ ಇಲ್ಲ.

ಎರಡನೇದು, ಹೊಸದು ಬೇಡ. ಮೊದಲ ವರ್ಷಗಳ ದೊಡ್ಡ ಇಳಿತವನ್ನ ಬೇರೆಯವರು ಹೊತ್ತುಕೊಳ್ಳಲಿ. ಕೋವಿಡ್ ಕಾಲದಲ್ಲಿ ಜನ ಮುಗಿಬಿದ್ದು ಕೊಂಡರು. 2021ರಲ್ಲಿ ಕಾರ್ಖಾನೆಗಳಿಂದ ಡೀಲರುಗಳಿಗೆ ಹೋದ ಆರ್.ವಿ.ಗಳು, ಕಾರಿನ ಹಿಂದೆ ಎಳೆಯೋ ಟ್ರೇಲರುಗಳೂ ಸೇರಿ, ಸುಮಾರು 6 ಲಕ್ಷ. 2023ಕ್ಕೆ ಅದು 3.13 ಲಕ್ಷಕ್ಕೆ ಇಳೀತು. ಆಗ ಕೊಂಡು ಬಳಸದೆ ಬಿಟ್ಟವರ ಗಾಡಿಗಳು ಮಾರಾಟಕ್ಕೆ ಬರ್ತಾನೇ ಇವೆ. ನಮ್ಮ ಉತ್ತರದ ರಾಜ್ಯಗಳಲ್ಲಾದ್ರೆ ಅಕ್ಟೋಬರ್-ನವೆಂಬರ್ ಒಳ್ಳೇ ಕಾಲ, ಯಾಕಂದ್ರೆ ಇನ್ನೊಂದು ಚಳಿಗಾಲದ ನಿಲುಗಡೆ ಬಾಡಿಗೆ ಕಟ್ಟೋಕೆ ಮಾರೋರಿಗೆ ಮನಸ್ಸಿರಲ್ಲ. ಆದರೆ ಒಂದು ಎಚ್ಚರಿಕೆ: ಆಂಟಿಫ್ರೀಜ್ ತುಂಬಿಟ್ಟ ಗಾಡಿಯಲ್ಲಿ ನೀರಿನ ಪೈಪು ಪರೀಕ್ಷೆ ಮಾಡೋಕಾಗಲ್ಲ. ಅದನ್ನ ತೆಗೆಸಿ, ನೀರು ತುಂಬಿಸಿ, ನೋಡೇ ದುಡ್ಡು ಕೊಡಿ.

ಹೊರಡೋ ದಿನಕ್ಕೆ ಆರೋಗ್ಯ ವಿಮೆಯೇ ಪಂಚಾಂಗ. ಮೆಡಿಕೇರ್ ಸಿಗೋದು 65ಕ್ಕೆ. ಮೂಲ ಮೆಡಿಕೇರ್ ಆದರೆ ಅದನ್ನ ಒಪ್ಪೋ ಡಾಕ್ಟರು ಯಾವ ರಾಜ್ಯದಲ್ಲಿದ್ದರೂ ನಡೆಯುತ್ತೆ. ಅಡ್ವಾಂಟೇಜ್ ಯೋಜನೆಗಳು ಸಾಮಾನ್ಯವಾಗಿ ಒಂದು ಪ್ರದೇಶದ ಡಾಕ್ಟರುಗಳಿಗೆ ಕಟ್ಟಿಹಾಕುತ್ತವೆ, ಅಲೆಯೋರಿಗೆ ಅದು ಕಷ್ಟ. 65ಕ್ಕೆ ಮೊದಲು ಕೊಳ್ಳೋ ವಿಮೆಯದ್ದೂ ಬಹುಪಾಲು ಇದೇ ಗೋಳು. ಹಾಗಾಗಿ ಪೂರ್ತಿಯಾಗಿ ಹೊರಡೋ ದಿನವನ್ನ ನಿರ್ಧರಿಸಬೇಕಾದ್ದು ಇಬ್ಬರಲ್ಲಿ ಚಿಕ್ಕವರ ವಯಸ್ಸು. ನಮ್ಮ ವಿಷಯದಲ್ಲಿ, ನನ್ನದಲ್ಲ, ಅವಳದ್ದು. ಅಲ್ಲೀವರೆಗೆ ಸಣ್ಣ ಪ್ರವಾಸಕ್ಕೆ ಅಡ್ಡಿಯಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೆ 62 ತುಂಬಿದ ನಾಗರಿಕರಿಗೆ ಮತ್ತು ಇಲ್ಲಿನ ಕಾಯಂ ನಿವಾಸಿಗಳಿಗೆ 80 ಡಾಲರಿಗೆ ಜೀವನಪೂರ್ತಿ ಪಾಸ್ ಇದೆ. ನಾನದನ್ನ ಆಗಲೇ ಮಾಡಿಸಿದೀನಿ.

ಇನ್ನು ಮನೆ ಮಾರೋ ದಿನ. ಅದು ಕೊನೇದು. ಹೊರಟು ಕಡೇಪಕ್ಷ ಒಂದು ವರ್ಷ ಆಗಬೇಕು. ಸೌತ್ ಡಕೋಟಾ, ಟೆಕ್ಸಸ್, ಫ್ಲೋರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅಲೆಮಾರಿಗಳ ಅಂಚೆ ನೋಡಿಕೊಳ್ಳೋ ಸಂಸ್ಥೆಗಳಿವೆ, ಅಲ್ಲಿಗೆ ವಿಳಾಸ ಬದಲಾಯಿಸಿ ಅಂತ ಎಲ್ಲರೂ ಹೇಳ್ತಾರೆ. ನಿಜ. ಆದರೆ ವಿಳಾಸ ಬೇರೆ, ವಾಪಸ್ ಬರೋಕೆ ಒಂದು ಬಾಗಿಲು ಅನ್ನೋದು ಬೇರೆ. ಖಾಲಿ ಮನೆಗೂ ತೆರಿಗೆ ಕಟ್ಟಬೇಕಲ್ಲ ಅಂತೀರಾ? ಹೌದು, ನ್ಯೂಜೆರ್ಸಿಯಲ್ಲಂತೂ ಅದು ಸಣ್ಣ ಮೊತ್ತ ಅಲ್ಲ. ಬಾಡಿಗೆಗೆ ಕೊಡಬಹುದು. ಏನೂ ಇಲ್ಲದಿದ್ರೂ ಆ ಒಂದು ವರ್ಷದ ಖರ್ಚನ್ನ ನಾನು ನನ್ನಾಕೆಯ ನಿದ್ದೆಯ ಬೆಲೆ ಅಂದುಕೊಳ್ತೀನಿ.

*

ಕೊನೆಗೆ ಏನಾಯ್ತು ಅಂದ್ರೆ, ಬೆಳಿಗ್ಗೆ ಏಳಕ್ಕೆ ಎದ್ದಾಗ ಹೊರಗೆ ಹುಲ್ಲಿನ ಮೇಲೆಲ್ಲಾ ಬಿಳೀ ಇಬ್ಬನಿ, ಮೂರು ಜಿಂಕೆ ಮೇಯ್ತಾ ಇದ್ವು. ಗ್ಯಾಸ್ ಒಲೆಗೆ ಬ್ಯಾಟರಿ ಬೇಡವಲ್ಲ, ಅವಳು ಫಿಲ್ಟರ್ ಕಾಫಿ ಮಾಡಿದಳು. ಕಿಟಕಿ ಹತ್ತಿರ ಕೂತು ಕುಡೀತಾ, "ಮುಂದಿನ್ಸಲ ಇನ್ನೊಂದು ಬ್ಯಾಟರಿ ಇರೋ ಗಾಡೀನೇ ನೋಡ್ರೀ" ಅಂದಳು. 'ಮುಂದಿನ್ಸಲ' ಅಂದಳಲ್ಲ, ನನಗೆ ಅಷ್ಟು ಸಾಕಿತ್ತು.

ಬರೋ ನವೆಂಬರಿನಲ್ಲಿ ಏಳೆಂಟು ವರ್ಷ ಹಳೇ ಕ್ಲಾಸ್ ಸಿ ಒಂದನ್ನ ಸಾಲ ಇಲ್ಲದೆ ಕೊಳ್ಳೋದು ಅಂತ ಇಬ್ಬರೂ ಕೂತು ತೀರ್ಮಾನ ಮಾಡಿದೀವಿ. ವರ್ಷಕ್ಕೆ ಎಂಟು ತಿಂಗಳು ರಸ್ತೆ, ನಾಲ್ಕು ತಿಂಗಳು ಮನೆ. ಮನೆ ಮಾರೋ ಮಾತು ಆಮೇಲೆ, ಅದನ್ನ ಎತ್ತೋ ಹಕ್ಕು ಅವಳದ್ದು. ಅಪ್ಪ ಮಾಡಿದ ಹಾಗೆ ಮುಂದೂಡಬಾರದು ಅಂತ ನಾನು ಅವಸರ ಪಟ್ಟೆ. ಆದರೆ ಅಪ್ಪನ ಜೊತೆ ಕಾಶಿಗೆ ಹೋಗೋಕೆ ಅಮ್ಮನಿಗೆ ಇಷ್ಟ ಇತ್ತಾ ಅಂತ ಅಪ್ಪನೂ ಕೇಳಿರಲಿಲ್ಲ, ನಾನೂ ಕೇಳಿಲ್ಲ.

ನೀವೇನಾದ್ರೂ ಇಂಥ ಯೋಚನೆಯಲ್ಲಿದ್ರೆ, ಡೀಲರ್ ಹತ್ತಿರ ಹೋಗೋ ಮೊದಲು ಒಂದು ವಾರ ಬಾಡಿಗೆಗೆ ತಗೊಳ್ಳಿ. ಅದೂ ಚಳಿಯಲ್ಲಿ. ಏನಂತೀರಿ?